ದೂರಿನ ಜೊತೆ ಉಳಿದ ಕಾಗದಗಳು

ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಕಾದಾಡಿದ ಎರಡೂ ಸೈನ್ಯಗಳು ಅಲ್ಲಿಯವರೆಗಿನ ಚರಿತ್ರೆಯಲ್ಲೇ ಅತಿ ಹೆಚ್ಚು ಅಕ್ಷರಸ್ಥ ಸೈನ್ಯಗಳು ಎನ್ನುತ್ತಾರೆ ಇತಿಹಾಸಕಾರ ಜೇಮ್ಸ್ ಮ್ಯಾಕ್‌ಫರ್ಸನ್. ಉತ್ತರದ ಬಿಳಿಯ ಸೈನಿಕರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು, ದಕ್ಷಿಣದವರಲ್ಲಿ 80ಕ್ಕಿಂತ ಹೆಚ್ಚು ಮಂದಿಗೆ ಓದು ಬರಹ ಬರುತ್ತಿತ್ತು. ಕಾಗದ ಒಡೆದು ನೋಡುವ ಸೆನ್ಸಾರ್ ವ್ಯವಸ್ಥೆ ಇರಲಿಲ್ಲ. ಉತ್ತರದ ಸೈನಿಕನ ಬಳಿ ಅಂಚೆಚೀಟಿ ಇಲ್ಲದಿದ್ದರೂ ನಡೆಯುತ್ತಿತ್ತು, ದುಡ್ಡನ್ನು ಮನೆಯವರು ತೆತ್ತು ಬಿಡಿಸಿಕೊಳ್ಳುತ್ತಿದ್ದರು. ಹಾಗಾಗಿ ಬೆಳೆ, ಭೇದಿ, ಹರಿದ ಬೂಟು, ಸತ್ತ ಗೆಳೆಯ ಎಲ್ಲವೂ ಅವುಗಳಲ್ಲಿವೆ. ತಾಯಿಯೋ ಹೆಂಡತಿಯೋ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದರಿಂದ ಎಷ್ಟೋ ಕಾಗದಗಳು ಇಂದು ನಮ್ಮಂಥ ಸಂಶೋಧಕರ ಕೈಗೆ ಸಿಕ್ಕಿವೆ.

ಆದರೆ ಬರೆಯುವವನಿಗೆ ತನ್ನದೆಂಬ ಮನೆಯೇ ಇಲ್ಲದಿದ್ದರೆ? ಓದುತ್ತಾ ಹೋದಂತೆ ನನ್ನನ್ನು ಕಾಡತೊಡಗಿದ್ದು ಈ ಪ್ರಶ್ನೆ.

ಉತ್ತರದ ಸೈನ್ಯದಲ್ಲಿ ಸುಮಾರು 1,80,000 ಕಪ್ಪು ಸೈನಿಕರಿದ್ದರು. ಅವರಲ್ಲೊಬ್ಬ ಸ್ಪಾಟ್ಸ್‌ವುಡ್ ರೈಸ್, ಮಿಸೌರಿಯಲ್ಲಿ ಗುಲಾಮನಾಗಿದ್ದವನು. 1864ರ ಸೆಪ್ಟೆಂಬರ್ 3ರಂದು ಸೇಂಟ್ ಲೂಯಿಸ್‌ನ ಸೈನಿಕ ಆಸ್ಪತ್ರೆಯಿಂದ ಎರಡು ಕಾಗದ ಬರೆದ. ಮಿಸೌರಿ ಒಕ್ಕೂಟದಲ್ಲೇ ಉಳಿದಿದ್ದ ರಾಜ್ಯವಾದ್ದರಿಂದ ಲಿಂಕನ್ನರ 1863ರ ವಿಮೋಚನಾ ಘೋಷಣೆ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಅಪ್ಪ ಒಕ್ಕೂಟದ ಸಮವಸ್ತ್ರದಲ್ಲಿದ್ದ, ಮಕ್ಕಳು ಇನ್ನೂ ಕಾನೂನಿನ ಪ್ರಕಾರ ಬೇರೆಯವರ ಸ್ವತ್ತು.

ಒಂದು ಕಾಗದ ಹೆಣ್ಣುಮಕ್ಕಳಿಗೆ: ಧೈರ್ಯವಾಗಿರಿ, ಜೀವ ಹೋದರೂ ಸರಿ, ನಿಮ್ಮನ್ನು ಬಿಡಿಸಿಕೊಂಡು ಬರುತ್ತೇನೆ. ಇನ್ನೊಂದು ಒಬ್ಬ ಮಗಳ ಒಡತಿ ಕಿಟ್ಟಿ ಡಿಗ್ಸ್‌ಳಿಗೆ. ರೈಸ್ ಮಗುವನ್ನು ಕದಿಯಲು ನೋಡಿದನೆಂದು ಆಕೆ ಆರೋಪಿಸಿದ್ದಳು. ಅವಳು ದೇವರು ನನಗೆ ಕೊಟ್ಟ ಮಗಳು, ನನ್ನದನ್ನು ನಾನು ಕದಿಯುವುದೆಂದರೇನು ಎಂಬುದು ಅವನ ಉತ್ತರದ ತಿರುಳು. ಕಾಗುಣಿತ ಅಡ್ಡಾದಿಡ್ಡಿ, ಮಾತು ಮಾತ್ರ ನೇರ.

ಈ ಕಾಗದಗಳು ಉಳಿದದ್ದು ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಕಿಟ್ಟಿಯ ಅಣ್ಣನೋ ತಮ್ಮನೋ ಆದ ಎಫ್.ಡಬ್ಲ್ಯೂ. ಡಿಗ್ಸ್ ಗ್ಲಾಸ್ಗೋ ಊರಿನ ಪೋಸ್ಟ್‌ಮಾಸ್ಟರ್. ಸೆಪ್ಟೆಂಬರ್ 10ರಂದು ಅವನು ಎರಡನ್ನೂ ದೂರಿನ ಜೊತೆ ಲಗತ್ತಿಸಿ, ಈ ಸೈನಿಕನನ್ನು ರಾಜ್ಯದಿಂದಲೇ ಹೊರಗೆ ಕಳಿಸಿ ಎಂದು ಜನರಲ್ ರೋಸ್‌ಕ್ರಾನ್ಸ್‌ಗೆ ಬರೆದ. ಸೈನ್ಯದ ಕಡತ ಸೇರಿದ್ದರಿಂದ ಅವು ಬದುಕಿಕೊಂಡವು.

ಉಳಿದ ಕಾಗದಗಳಿಂದ ಯುದ್ಧವನ್ನು ಅರಿಯಹೊರಟಾಗ ಅವನ್ನು ಯಾರು ಉಳಿಸಿದರು, ಏಕೆ ಎಂದೂ ಕೇಳಬೇಕಾಗುತ್ತದೆ. ಪೆಟ್ಟಿಗೆಯೂ ಇಲ್ಲದ, ದೂರು ಕೊಡುವವರೂ ಇಲ್ಲದ ಕಾಗದಗಳು ನಮ್ಮವರೆಗೆ ಬರುವ ದಾರಿಯೇ ಇಲ್ಲ.

ಮಿಸೌರಿಯಲ್ಲಿ ಗುಲಾಮಗಿರಿ ರದ್ದಾದದ್ದು 1865ರ ಜನವರಿಯಲ್ಲಿ. 1937ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ರೈಸ್‌ನ ಮಗಳು ಮೇರಿ ಬೆಲ್ ತನ್ನ ಕಥೆ ಹೇಳಿದಳು. ಆಗ ಆಕೆಗೆ 85 ವರ್ಷ. ಅಪ್ಪನಿಗೆ ಓದು ಕಲಿಸಿದ್ದು ಒಡೆಯನ ಮಗನೇ, ಅದರಿಂದ ಒಡೆಯ ಕೆಂಡವಾಗಿದ್ದ ಎಂಬುದು ಆಕೆಗೆ ಆಗಲೂ ನೆನಪಿತ್ತು.