ದಾಳಿಗೆ ದಾರಿ ತೋರಿದವರು

ಅಮೆರಿಕದ ಅಂತರ್ಯುದ್ಧದ ಬೇಹುಗಾರಿಕೆ ಎಂದರೆ ಇವತ್ತು ಬಹಳ ಜನರಿಗೆ ನೆನಪಾಗುವುದು ಮೇರಿ ಬೌಸರ್‌ ಕತೆ. ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ ಮನೆಗೆ ಕೆಲಸದಾಕೆಯಾಗಿ ಸೇರಿದ ಕಪ್ಪು ಹೆಣ್ಣುಮಗಳೊಬ್ಬಳು ಮೇಜಿನ ಮೇಲಿನ ಯುದ್ಧಪತ್ರಗಳ ಮೇಲೆ ಒಮ್ಮೆ ಕಣ್ಣು ಹಾಯಿಸುತ್ತಿದ್ದಳಂತೆ, ಅಕ್ಷರ ತಪ್ಪದಂತೆ ನೆನಪಿಟ್ಟುಕೊಂಡು ಉತ್ತರದವರಿಗೆ ಮುಟ್ಟಿಸುತ್ತಿದ್ದಳಂತೆ. ಆಕೆಯದೆಂದು ವರ್ಷಗಟ್ಟಲೆ ಹರಿದಾಡಿದ ಭಾವಚಿತ್ರ ಬೇರೊಬ್ಬ ಮಹಿಳೆಯದೆಂದು ಆಮೇಲೆ ಗೊತ್ತಾಯಿತು. ಆದರೂ ಕತೆ ನಿಂತಿಲ್ಲ. ಈ ಕ್ಷೇತ್ರದಲ್ಲಿ ಅರವತ್ತು ವರ್ಷಗಳಿಂದ ನಡೆದಿರುವ ಗಂಭೀರ ಕೆಲಸವನ್ನು ಇಂಥ ಕತೆಗಳು ಮರೆಮಾಡಿವೆ. ಆ ಕೆಲಸ ಹೇಗೆ ಬೆಳೆಯಿತು, ಎಲ್ಲಿ ನಿಂತಿದೆ ಎಂಬುದನ್ನು ಹೇಳುವುದಕ್ಕೆ ಈ ಲೇಖನ.

ಮೊದಲ ಹಂತ ನೆನಪಿನ ಪುಸ್ತಕಗಳದು. ವಾಷಿಂಗ್ಟನ್ನಿನಿಂದ ದಕ್ಷಿಣಕ್ಕೆ ಸುದ್ದಿ ಕಳಿಸಿ ಸೆರೆಮನೆ ಕಂಡ ರೋಸ್ ಗ್ರೀನ್‌ಹೌ 1863ರಲ್ಲೇ ಲಂಡನ್ನಿನಲ್ಲಿ ತನ್ನ ಪುಸ್ತಕ ಹೊರತಂದಳು. ದಕ್ಷಿಣದ ಇನ್ನೊಬ್ಬ ಬೇಹುಗಾರ್ತಿ ಬೆಲ್ ಬಾಯ್ಡ್ 1865ರಲ್ಲಿ ಬರೆದಳು, ಉತ್ತರದ ಲಫಾಯೆಟ್ ಬೇಕರ್ 1867ರಲ್ಲಿ, ಪತ್ತೇದಾರ ಅಲನ್ ಪಿಂಕರ್ಟನ್ 1883ರಲ್ಲಿ. ಇವರೆಲ್ಲ ತಮ್ಮನ್ನು ದೊಡ್ಡದು ಮಾಡಿಕೊಂಡೇ ಬರೆದವರು. ಬೇರೆ ಸಾಕ್ಷ್ಯವಿಲ್ಲದೆ ಇವರ ಒಂದು ಪುಟವನ್ನೂ ನಂಬುವಂತಿಲ್ಲ. 1880ರಿಂದ 1901ರವರೆಗೆ ಸರ್ಕಾರ 128 ಸಂಪುಟಗಳಲ್ಲಿ ಯುದ್ಧದ ಅಧಿಕೃತ ದಾಖಲೆಗಳನ್ನು ಅಚ್ಚು ಹಾಕಿಸಿತು. ಅದರಲ್ಲಿ ಸೇನಾನಿಗಳ ವರದಿ ಇದೆ. ಆ ವರದಿಗಳ ಹಿಂದಿದ್ದ ಬೇಹಿನ ಮೂಲಗಳು ಬಹುತೇಕ ಹೊರಗೇ ಉಳಿದವು.

ದಾಳಿಗಳ ಇತಿಹಾಸ ಬೇರೆಯೇ ಹಾದಿ ಹಿಡಿಯಿತು. 1862ರ ಏಪ್ರಿಲ್ 12ರಂದು ಜೇಮ್ಸ್ ಆಂಡ್ರ್ಯೂಸ್ ಎಂಬ ಬೇಹುಗಾರ, ನಾಗರಿಕರ ಉಡುಪಿನಲ್ಲಿದ್ದ ಉತ್ತರದ ಸೈನಿಕರೊಂದಿಗೆ ಜಾರ್ಜಿಯಾದ ಬಿಗ್ ಶಾಂಟಿ ನಿಲ್ದಾಣದಲ್ಲಿ 'ಜನರಲ್' ಎಂಬ ರೈಲು ಎಂಜಿನ್ ಅಪಹರಿಸಿದ. ಹಳಿ ಕಿತ್ತು, ತಂತಿ ಕತ್ತರಿಸಿ, ಸೇತುವೆ ಸುಟ್ಟು ಚಟನೂಗದ ದಾರಿ ಕಡಿಯುವುದು ಉದ್ದೇಶ. ರಿಂಗ್‌ಗೋಲ್ಡ್ ಹತ್ತಿರ ಎಂಜಿನ್ ನಿಂತುಹೋಯಿತು, ಎಲ್ಲರೂ ಸಿಕ್ಕಿಬಿದ್ದರು, 8 ಮಂದಿಯನ್ನು ಗಲ್ಲಿಗೇರಿಸಲಾಯಿತು. ಅಮೆರಿಕದ ಮೊಟ್ಟಮೊದಲ ಮೆಡಲ್ ಆಫ್ ಆನರ್ ಪದಕಗಳು ಸಂದದ್ದು ಈ ದಾಳಿಯಲ್ಲಿ ಭಾಗವಹಿಸಿದವರಿಗೆ. 1926ರಲ್ಲಿ ಬಸ್ಟರ್ ಕೀಟನ್ ಇದನ್ನು ಸಿನಿಮಾ ಮಾಡಿದಾಗ ನಾಯಕನ ಪಟ್ಟ ಬೆನ್ನಟ್ಟಿದ ದಕ್ಷಿಣದವನಿಗೆ ಹೋಯಿತು.

1863ರ ವಸಂತದಲ್ಲಿ ಉತ್ತರದ ಬೆಂಜಮಿನ್ ಗ್ರಿಯರ್ಸನ್ 1,700 ಸವಾರರೊಂದಿಗೆ ಟೆನಿಸೀಯ ಲಾಗ್ರೇಂಜ್‌ನಿಂದ ಹೊರಟು, ಮಿಸಿಸಿಪ್ಪಿ ರಾಜ್ಯದ ಉದ್ದಕ್ಕೂ ರೈಲುದಾರಿ ಹಾಳುಮಾಡುತ್ತ, 16 ದಿನಗಳಲ್ಲಿ ಸುಮಾರು 600 ಮೈಲಿ ಕ್ರಮಿಸಿ ಬ್ಯಾಟನ್ ರೂಜ್ ಸೇರಿದ. ಯುದ್ಧಕ್ಕೆ ಮುಂಚೆ ಅವನು ಸಂಗೀತದ ಮೇಷ್ಟ್ರು. ಉತ್ತರದ ಜನರಲ್ ಗ್ರಾಂಟ್ ವಿಕ್ಸ್‌ಬರ್ಗ್‌ನ ಕೆಳಗೆ ಮಿಸಿಸಿಪ್ಪಿ ನದಿ ದಾಟುವಾಗ ದಕ್ಷಿಣದವರ ಗಮನ ಒಳನಾಡಿನ ಕಡೆ ಹರಿದಿತ್ತೆಂದರೆ ಅದಕ್ಕೆ ಈ ದಾಳಿಯೇ ಕಾರಣ. ಡೀ ಬ್ರೌನ್ 1954ರಲ್ಲಿ ಇದರ ಮೇಲೆ ಬರೆದ ಪುಸ್ತಕ ಇವತ್ತಿಗೂ ಓದಿಸಿಕೊಂಡು ಹೋಗುತ್ತದೆ. ತಿಮೊತಿ ಸ್ಮಿತ್ 2018ರಲ್ಲಿ ಅದಕ್ಕಿಂತ ಗಟ್ಟಿಯಾದುದನ್ನು ಕೊಟ್ಟರು. ದಳದ ಮುಂದೆ ದಕ್ಷಿಣದವರ ವೇಷದಲ್ಲಿ ಸಾಗಿದ ಸರ್ಜೆಂಟ್ ಸರ್ಬಿಯ ಬೇಹು ತಂಡಕ್ಕೂ ಈ ಪುಸ್ತಕಗಳಲ್ಲಿ ಜಾಗವಿದೆ. ಆದರೆ ಒಂದು ಮಾತು ಯೋಚಿಸಬೇಕು. ಅಪರಿಚಿತ ನಾಡಿನಲ್ಲಿ 600 ಮೈಲಿ ಸಾಗುವ ದಳಕ್ಕೆ ಯಾವ ಹೊಳೆಯಲ್ಲಿ ನೀರು ಏರಿದೆ, ಯಾವ ತೋಟದಲ್ಲಿ ಕುದುರೆಗೆ ಮೇವಿದೆ, ಶತ್ರು ಯಾವಾಗ ಹಾದುಹೋದ ಎಂಬುದು ದಿನದಿನವೂ ತಿಳಿಯಬೇಕು. ಅದನ್ನು ಹೇಳಬಲ್ಲವರು, ಹೇಳಲು ಕಾರಣವಿದ್ದವರು, ಅಲ್ಲಿ ಗುಲಾಮರಾಗಿದ್ದ ಜನ.

ದಾಳಿಯನ್ನು ಅಶ್ವದಳದ ಸಾಹಸವೆಂದು ಒಂದು ಕಪಾಟಿನಲ್ಲೂ ಬೇಹನ್ನು ರಮ್ಯಕಥೆಯೆಂದು ಇನ್ನೊಂದರಲ್ಲೂ ಇಟ್ಟದ್ದೇ ಈ ಕ್ಷೇತ್ರದ ಮೂಲ ದೋಷ. ಎರಡನ್ನೂ ಒಟ್ಟಿಗೆ ಓದುವ ದಾರಿ ತೆರೆದವರು ಎಡ್ವಿನ್ ಫಿಶೆಲ್. ಅವರು ವೃತ್ತಿಯಿಂದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಗುಪ್ತಚರ ಅಧಿಕಾರಿ. ಕಚ್ಚಾ ಸುದ್ದಿ ವರದಿಯಾಗಿ ಮಾಗುವ ಬಗೆಯನ್ನು ಒಳಗಿನಿಂದ ಬಲ್ಲವರು. 1863ರ ಆರಂಭದಲ್ಲಿ ಉತ್ತರದ ಜನರಲ್ ಹೂಕರ್, ವಕೀಲನಾಗಿದ್ದ ಕರ್ನಲ್ ಜಾರ್ಜ್ ಶಾರ್ಪ್ ಕೈಕೆಳಗೆ ಸೇನಾ ಮಾಹಿತಿ ಬ್ಯೂರೋ ಕಟ್ಟಿದ್ದ. ಅದರ ಕಡತಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಮುಟ್ಟುವವರಿಲ್ಲದೆ ಬಿದ್ದಿದ್ದವು. ಅವನ್ನು ಹೊರಗೆ ತೆಗೆದವರು ಫಿಶೆಲ್. 1964ರಲ್ಲಿ ಅವರು ಬರೆದ ಒಂದು ಪ್ರಬಂಧ ಹಳೆಯ ಬೇಹು ಪುರಾಣಗಳನ್ನು ಒಂದೊಂದಾಗಿ ಕೆಡವಿತು. ಪೂರ್ಣ ಪುಸ್ತಕ, 'ದ ಸೀಕ್ರೆಟ್ ವಾರ್ ಫಾರ್ ದ ಯೂನಿಯನ್', ಬಂದದ್ದು 1996ರಲ್ಲಿ.

ನಮ್ಮ ತಲೆಮಾರಿನಲ್ಲಿ ಅಮೆರಿಕದ ಇತಿಹಾಸ ಹಿಡಿದವರಿಗೆ ಹೈದರಾಬಾದಿನ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್‌ನ ಗ್ರಂಥಾಲಯವೇ ತವರು. ನಮ್ಮ ಕಡೆಯ ಪಠ್ಯಗಳಲ್ಲಿ ಈ ಯುದ್ಧ ಬರುತ್ತಿದ್ದುದು ಧಾರವಾಡ ಸೀಮೆಯ ಹತ್ತಿಗೆ ದಿಢೀರನೆ ಬೆಲೆ ಏರಿದ ಪ್ರಸಂಗದಲ್ಲಿ ಮಾತ್ರ. ಅದರಾಚೆ ಓದಬೇಕೆಂದರೆ ಹೈದರಾಬಾದಿಗೇ ಹೋಗಬೇಕಿತ್ತು. ಫಿಶೆಲ್ ಪುಸ್ತಕ ಓದಿದ ಮೇಲೆ ನಾವು ಯುದ್ಧವರದಿಗಳನ್ನು ಓದುವ ರೀತಿಯೇ ಬದಲಾಯಿತು. ಶಾರ್ಪ್‌ನ ಕಚೇರಿ ಕೈದಿಗಳನ್ನು, ಸೇನೆ ಬಿಟ್ಟು ಓಡಿಬಂದವರನ್ನು, ಗುಲಾಮಗಿರಿಯಿಂದ ತಪ್ಪಿಸಿಕೊಂಡವರನ್ನು ಬೇರೆಬೇರೆಯಾಗಿ ಕೇಳಿ, ಹೇಳಿಕೆಗಳನ್ನು ಒಂದಕ್ಕೊಂದು ತಾಳೆಹಾಕಿ, ದಕ್ಷಿಣದ ಜನರಲ್ ಲೀ ಸೇನೆಯ ರೆಜಿಮೆಂಟುಗಳ ಪಟ್ಟಿಯನ್ನು ಸದಾ ಸಿದ್ಧವಾಗಿಟ್ಟಿತ್ತು. ಗೆಟಿಸ್‌ಬರ್ಗ್ ಕದನದಲ್ಲಿ 1863ರ ಜುಲೈ 2ರ ರಾತ್ರಿ, ಪಿಕೆಟ್‌ನ ಡಿವಿಜನ್ ಒಂದನ್ನು ಬಿಟ್ಟರೆ ಲೀಯ ಪಡೆಗಳೆಲ್ಲ ಕಾದಾಡಿ ದಣಿದಿವೆ ಎಂದು ಉತ್ತರದ ಜನರಲ್ ಮೀಡ್‌ಗೆ ಹೇಳಲು ಆ ಕಚೇರಿಯವರಿಗೆ ಸಾಧ್ಯವಾದದ್ದು ಆ ಪಟ್ಟಿಯಿಂದ.

ಅದಕ್ಕೂ ಕೆಲವು ವಾರ ಮುಂಚೆ ಲೀ ಉತ್ತರಕ್ಕೆ ಹೊರಟಿದ್ದಾನೆಂಬುದಕ್ಕೆ ಖಚಿತ ಸುಳಿವು ಕೊಟ್ಟವನು ಚಾರ್ಲಿ ರೈಟ್. ದಕ್ಷಿಣದ ಸೇನೆಯಲ್ಲಿ ಆಳಾಗಿದ್ದು ತಪ್ಪಿಸಿಕೊಂಡು ಬಂದ ಕಪ್ಪು ಯುವಕ. ಯಾವ ಯಾವ ರೆಜಿಮೆಂಟು ಕಲ್ಪೆಪರ್ ದಾಟಿ ಹೋಯಿತೆಂದು ಹೆಸರು ಹಿಡಿದು ಹೇಳಿದ. ಅವನ ಮಾತಿಗೆ ಬೆಲೆ ಬಂದದ್ದು ಅದನ್ನು ಪಟ್ಟಿಯೊಂದಿಗೆ ಹೋಲಿಸಿ ನೋಡುವ ವ್ಯವಸ್ಥೆ ಇದ್ದುದರಿಂದ. ಗ್ರೀನ್‌ಹೌ, ಬಾಯ್ಡ್ ಇಬ್ಬರ ಪುಸ್ತಕಗಳನ್ನೂ ಸೇರಿಸಿದರೆ ಸಿಗುವುದಕ್ಕಿಂತ ಹೆಚ್ಚು ತಿಳಿವು ಈ ಒಂದು ಹೇಳಿಕೆಯಿಂದ ಸಿಗುತ್ತದೆ.

ಫಿಶೆಲ್ ಹಾಕಿದ ದಾರಿಯಲ್ಲಿ ವಿಲಿಯಂ ಫೈಸ್ 2002ರಲ್ಲಿ ಗ್ರಾಂಟನ ಗುಪ್ತಚರ ಜಾಲದ ಬಗ್ಗೆ ಬರೆದರು. ಪೀಟರ್ ಸೌರಾಸ್ 2018ರಲ್ಲಿ ಶಾರ್ಪ್‌ನ ಜೀವನಚರಿತ್ರೆ ಕೊಟ್ಟರು. ಅಲ್ಲಿ ನಾಯಕನ ಮೇಲಿನ ಅಭಿಮಾನ ತುಸು ಹೆಚ್ಚು. ದಕ್ಷಿಣದ ಕಡೆ ಕೆಲಸ ಕಷ್ಟ, ಏಕೆಂದರೆ 1865ರಲ್ಲಿ ರಿಚ್ಮಂಡ್ ಬಿಡುವಾಗ ಗುಪ್ತ ಸೇವೆಯ ಕಾಗದಗಳನ್ನು ಸುಟ್ಟರು. ಟಿಡ್‌ವೆಲ್, ಹಾಲ್, ಗಡಿ ಮೂವರೂ 1988ರಲ್ಲಿ ಲಿಂಕನ್ ಹತ್ಯೆಯ ಎಳೆಯನ್ನು ಆ ಸೇವೆಗೆ ಜೋಡಿಸಿದರು. ದಾಖಲೆ ಹುಡುಕಿದ ಶ್ರಮ ದೊಡ್ಡದು, ತೀರ್ಮಾನ ಮಾತ್ರ ಸಾಕ್ಷ್ಯಕ್ಕಿಂತ ಮುಂದೆ ಓಡಿದೆ. ಗೆರಿಲ್ಲಾ ದಾಳಿಗಳ ಬಗ್ಗೆ ಮೈಕೆಲ್ ಫೆಲ್ಮನ್ (1989), ಡೇನಿಯಲ್ ಸದರ್ಲೆಂಡ್ (2009) ಬರೆದದ್ದನ್ನು ಓದಿದವರು ದಾಳಿಯನ್ನು ಬರಿಯ ಸಾಹಸವೆಂದು ಕೊಂಡಾಡಲಾರರು. 1863ರ ಆಗಸ್ಟ್ 21ರಂದು ದಕ್ಷಿಣದ ಪರ ಗೆರಿಲ್ಲಾ ಕ್ವಾಂಟ್ರಿಲ್‌ನ ಗುಂಪು ಕ್ಯಾನ್ಸಸ್‌ನ ಲಾರೆನ್ಸ್ ಊರಿಗೆ ನುಗ್ಗಿ 150ರಷ್ಟು ಗಂಡಸರನ್ನೂ ಹುಡುಗರನ್ನೂ ಕೊಂದಿತು. ಅದೂ ದಾಳಿಯೇ.

ಮೇರಿ ಬೌಸರ್ ಕತೆಯ ನಿಜ ತಿಳಿಯಬೇಕಾದರೆ ಎಲಿಜಬೆತ್ ವ್ಯಾರನ್ 2003ರಲ್ಲಿ ಬರೆದ ಎಲಿಜಬೆತ್ ವ್ಯಾನ್ ಲ್ಯೂ ಜೀವನಚರಿತ್ರೆ ಓದಬೇಕು. ರಿಚ್ಮಂಡ್‌ನಲ್ಲಿದ್ದುಕೊಂಡೇ ಉತ್ತರಕ್ಕೆ ಜಾಲ ಕಟ್ಟಿದ ಈ ಮಹಿಳೆ 1866ರಲ್ಲಿ ತನ್ನ ವರದಿಗಳನ್ನು ಯುದ್ಧ ಇಲಾಖೆಯಿಂದ ಹಿಂದಕ್ಕೆ ಪಡೆದು ನಾಶಮಾಡಿದಳು. ಸುತ್ತಲಿದ್ದ ದಕ್ಷಿಣದವರಿಂದ ಜೀವಕ್ಕೆ ಅಪಾಯವಿತ್ತು. ಆ ಖಾಲಿ ಜಾಗದಲ್ಲೇ ಕತೆ ಬೆಳೆದದ್ದು. ಬೌಸರ್ ಕತೆಯ ಹಿಂದಿರುವ, ಅವಳ ಮನೆಯಲ್ಲಿದ್ದ ಮೇರಿ ರಿಚರ್ಡ್ಸ್ ನಿಜವಾದ ವ್ಯಕ್ತಿ. ಲೈಬೀರಿಯಾಕ್ಕೆ ಹೋಗಿ ಬಂದವಳು, ಜಾಲಕ್ಕೆ ದುಡಿದವಳು, ಯುದ್ಧದ ನಂತರ ಬಿಡುಗಡೆಯಾದ ಜನರ ಮಕ್ಕಳಿಗೆ ಪಾಠ ಹೇಳಿದವಳು. ಒಮ್ಮೆ ನೋಡಿದ್ದನ್ನೆಲ್ಲ ನೆನಪಿಡುವ ಪವಾಡ ಸೇರಿಸಿದಾಗ ಈ ಹೆಣ್ಣುಮಗಳ ವಿದ್ಯೆ, ಧೈರ್ಯ, ದುಡಿಮೆ ಮೂರೂ ಹಿಂದೆ ಸರಿಯುತ್ತವೆ.

ಈ ಕ್ಷೇತ್ರಕ್ಕೆ ಇತ್ತೀಚೆಗೆ ಬಂದ ದೊಡ್ಡ ಪುಸ್ತಕ ಎಡ್ಡಾ ಫೀಲ್ಡ್ಸ್-ಬ್ಲ್ಯಾಕ್ ಅವರ 'ಕಂಬೀ'. 2024ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪಡೆಯಿತು. 1863ರ ಜೂನ್ 1ರ ರಾತ್ರಿ ಕರ್ನಲ್ ಜೇಮ್ಸ್ ಮಾಂಟ್ಗೊಮರಿ ಕಪ್ಪು ಸೈನಿಕರ ದಳದೊಂದಿಗೆ ದಕ್ಷಿಣ ಕೆರೊಲಿನಾದ ಕಂಬೀ ನದಿಯಲ್ಲಿ ದೋಣಿ ಏರಿ ಹೊರಟ. ಜೊತೆಗೆ ಉತ್ತರದ ಪರ ಬೇಹುಗಾರ್ತಿ ಹ್ಯಾರಿಯೆಟ್ ಟಬ್ಮನ್. ನದಿಯಲ್ಲಿ ಸಿಡಿಗುಂಡು ಎಲ್ಲಿ ಹೂಳಿದ್ದಾರೆ, ಕಾವಲು ಎಲ್ಲಿದೆ ಎಂಬುದನ್ನು ಅವಳ ಬೇಹುಗಾರರು ಆ ನೀರಿನಲ್ಲೇ ದುಡಿದ ಜನರಿಂದ ತಿಳಿದಿದ್ದರು. ಬೆಳಗಾಗುವಾಗ ಭತ್ತದ ಗೋದಾಮುಗಳು ಉರಿಯುತ್ತಿದ್ದವು, 700ಕ್ಕೂ ಹೆಚ್ಚು ಜನ ಬಿಡುಗಡೆಯಾಗಿದ್ದರು.

ಟಬ್ಮನ್ ಬಗ್ಗೆ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ದೋಣಿ ಹತ್ತಿದವರು ಯಾರು ಎಂದು ಕೇಳಿದ್ದು ಫೀಲ್ಡ್ಸ್-ಬ್ಲ್ಯಾಕ್. ಅವರ ಪೂರ್ವಜರೊಬ್ಬರು ಆ ದಳದಲ್ಲಿದ್ದವರು. ಉತ್ತರ ಸಿಕ್ಕಿದ್ದು ಪಿಂಚಣಿ ಕಡತಗಳಲ್ಲಿ. ಗುಲಾಮರ ಮದುವೆಗೆ ಕಾನೂನಿನ ದಾಖಲೆ ಇರಲಿಲ್ಲ. ಹಾಗಾಗಿ ಸೈನಿಕನ ವಿಧವೆ ಪಿಂಚಣಿ ಕೇಳಿದಾಗ ನೆರೆಯವರು, ಜೊತೆಗಾರರು ಬಂದು ಸಾಕ್ಷಿ ಹೇಳಬೇಕಿತ್ತು: ಇವರು ಯಾವ ತೋಟದಲ್ಲಿದ್ದರು, ಯಾವಾಗ ಕೈಹಿಡಿದರು, ಯಾರು ಬದುಕಿದ್ದಾರೆ. ವಿಚಾರಣಾಧಿಕಾರಿ ಬರೆದುಕೊಂಡ ಆ ಹೇಳಿಕೆಗಳಿಂದ ಒಂದು ದಾಳಿಯ ಜನರೆಲ್ಲ ಹೆಸರು, ಸಂಬಂಧ, ಊರು ಸಮೇತ ಎದ್ದುಬಂದರು. ಟಬ್ಮನ್‌ಗೆ ಸರ್ಕಾರ 1899ರಲ್ಲಿ ತಿಂಗಳಿಗೆ 20 ಡಾಲರ್ ಪಿಂಚಣಿ ಕೊಟ್ಟದ್ದು ಸೈನಿಕನ ವಿಧವೆ, ದಾದಿ ಎಂದು. ಬೇಹುಗಾರಿಕೆಗಾಗಿ ಅಲ್ಲ. ಮೇರಿಲೆಂಡ್ ರಾಜ್ಯ ಆಕೆಗೆ ಬ್ರಿಗೇಡಿಯರ್ ಜನರಲ್ ಪದವಿ ಕೊಟ್ಟದ್ದು 2024ರ ನವೆಂಬರಿನಲ್ಲಿ.

ಗ್ರಿಯರ್ಸನ್ ದಾಳಿಗೆ ಇಂಥ ಪುಸ್ತಕ ಇನ್ನೂ ಬಂದಿಲ್ಲ. ಬ್ಯಾಟನ್ ರೂಜ್ ತನಕ ಅವನ ದಳದ ಹಿಂದೆ ನೂರಾರು ಕಪ್ಪು ಜನ ನಡೆದು ಬಂದರು. ಅಶ್ವದಳದ ಅಧಿಕಾರಿಗಳ ಹೆಸರು, ಊರು, ಗಾಯ ಎಲ್ಲ ನಮಗೆ ಗೊತ್ತು, ಈ ಜನರ ಹೆಸರು ಗೊತ್ತಿಲ್ಲ. ಅವರಲ್ಲಿ ಯಾರಾದರೂ ಆಮೇಲೆ ಉತ್ತರದ ಕಪ್ಪು ರೆಜಿಮೆಂಟುಗಳಿಗೆ ಸೇರಿದ್ದರೆ ಅವರ ಪಿಂಚಣಿ ಕಡತಗಳನ್ನು ಹುಡುಕಬೇಕಾದ್ದು ವಾಷಿಂಗ್ಟನ್ನಿನ ಅದೇ ದಾಖಲೆ ಭಂಡಾರದಲ್ಲಿ. ಅಮೆರಿಕದ ಇತಿಹಾಸದಲ್ಲಿ ಸಂಶೋಧನೆಗೆ ವಿಷಯ ಹುಡುಕುತ್ತಿರುವ ನಮ್ಮ ವಿದ್ಯಾರ್ಥಿಗಳು ಮೇರಿ ಬೌಸರ್ ಮೇಲೆ ಇನ್ನೊಂದು ಪ್ರಬಂಧ ಬರೆಯುವ ಬದಲು ಆ ಕಡತಗಳಿಗೆ ಕೈ ಹಾಕಲಿ.