ಕಾಲಿಗೆ ಕಟ್ಟಿದ ದೋಣಿ

ಊರಿಗೆ ಹೊರಟಾಗಲೆಲ್ಲ ‘ಇರಲಿ, ಬೇಕಾದೀತು’ ಎಂದು ಚೀಲ ತುಂಬುವವಳು ನಾನು. ಆಗ ಅಮೇಲಿಯಾ ಇಯರ್‌ಹಾರ್ಟ್ ನೆನಪಾಗುತ್ತಾಳೆ.

1928ರಲ್ಲಿ ಆಕೆ ಪ್ರಯಾಣಿಕಳಾಗಿ ಹತ್ತಿದ ‘ಫ್ರೆಂಡ್‌ಶಿಪ್’ ವಿಮಾನಕ್ಕೆ ಗಾಲಿಯ ಬದಲು ದೋಣಿಯಂಥ ಎರಡು ಫ್ಲೋಟುಗಳಿದ್ದವು. ನಡುಗಡಲಲ್ಲಿ ಇಳಿಯಬೇಕಾದರೆ ಮುಳುಗದಿರಲಿ ಎಂಬ ಮುಂಜಾಗ್ರತೆ. ಆದರೆ ಆ ಭಾರಕ್ಕೂ ನೀರಿನ ಸೆಳೆತಕ್ಕೂ ಸಿಕ್ಕಿ, ನ್ಯೂಫೌಂಡ್‌ಲ್ಯಾಂಡಿನ ಟ್ರೆಪಾಸಿ ಬಂದರಿನಲ್ಲಿ ವಿಮಾನ ಎಷ್ಟು ಓಡಿದರೂ ಮೇಲೇಳಲೊಲ್ಲದು! ದಿನಗಟ್ಟಲೆ ಕಾದರು. ಕೊನೆಗೆ ಪೆಟ್ರೋಲನ್ನೇ ಕಡಿಮೆ ಮಾಡಿಕೊಂಡು ಜೂನ್ 17ರಂದು ಹಾರಿದರು. 20 ಗಂಟೆ 40 ನಿಮಿಷದ ಮೇಲೆ ವೇಲ್ಸಿನ ಬರಿಪೋರ್ಟ್ ಬಳಿ ನೀರಿಗಿಳಿದಾಗ ಟ್ಯಾಂಕು ಬರಿದಾಗುತ್ತ ಬಂದಿತ್ತು. ಹೆಂಗಸೊಬ್ಬಳು ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದ್ದು ಅದೇ ಮೊದಲು.

1932ರಲ್ಲಿ ಆಕೆ ಒಬ್ಬಳೇ ವಿಮಾನ ನಡೆಸಿ ಅದೇ ಸಾಗರ ದಾಟಿದಳು. ಆ ವಿಮಾನಕ್ಕಿದ್ದದ್ದು ಗಾಲಿ ಮಾತ್ರ.

ಕಾಪಾಡಲೆಂದು ಕಟ್ಟಿಕೊಂಡದ್ದೇ ಕಾಲು ಹಿಡಿಯುವುದೂ ಉಂಟಲ್ಲವೇ?