ಗೋಮುಖದ ಗೆರೆ

ಗಂಗೋತ್ರಿ ಹಿಮನದಿ ಹಿಂದೆ ಸರೀತಾ ಇದೆ ಅಂತ ಎಲ್ಲರೂ ಹೇಳ್ತಾರೆ. ಎಲ್ಲಿಂದ ಎಲ್ಲಿಗೆ ಅಂತ ಕೇಳಿದರೆ ಮಾತ್ರ, ಹಿಂದೆ ಯಾರಾದರೂ ಗೆರೆ ಹಾಕಿಟ್ಟಿರಬೇಕು. ನನಗೆ ಕುತೂಹಲ ಇರುವುದು ಆ ಗೆರೆಗಳ ಚರಿತ್ರೆಯಲ್ಲಿ.

1935ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಜೆ. ಬಿ. ಆಡನ್ ಗೋಮುಖಕ್ಕೆ ಹೋಗಿ ಹಿಮನದಿಯ ಮೂತಿಯ ನಕ್ಷೆ ಮಾಡಿದರು. ಇಂಗ್ಲಿಷ್ ಕವಿ ಡಬ್ಲ್ಯು. ಎಚ್. ಆಡನ್ ಅವರ ಅಣ್ಣ ಇವರು. ಸುಮಾರು 30 ಕಿಲೋಮೀಟರ್ ಉದ್ದದ ಹಿಮನದಿಯಲ್ಲಿ ಅವರು ಗುರುತಿಸಿದ್ದು ತುದಿಯನ್ನಷ್ಟೇ. ಆದರೆ ಇವತ್ತಿಗೂ ಹೋಲಿಕೆಗೆ ಅದೇ ಆಧಾರ.

1972ರ ಜುಲೈನಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಹಾರಿತು. ಹಿಮನದಿಯ ಇಡೀ ಅಂಚು ಮೇಲಿನಿಂದ ಕಾಣತೊಡಗಿತು, ಆದರೆ ಒಂದೊಂದು ಪಿಕ್ಸೆಲ್ ಸುಮಾರು 80 ಮೀಟರ್! 1982ರ ಲ್ಯಾಂಡ್‌ಸ್ಯಾಟ್-4 ಅದನ್ನು 30 ಮೀಟರಿಗೆ ಇಳಿಸಿತು. 1988ರ ಮಾರ್ಚ್‌ನಲ್ಲಿ ನಮ್ಮದೇ ಐಆರ್‌ಎಸ್-1ಎ ಬಂತು, ಬೆಂಗಳೂರಿನಲ್ಲಿ ಕಟ್ಟಿದ್ದು. 1960ರ ದಶಕದ ಅಮೆರಿಕದ ಕರೋನಾ ಬೇಹುಗಾರಿಕೆ ಚಿತ್ರಗಳ ಗುಟ್ಟು 1995ರಲ್ಲಿ ಬಿಟ್ಟುಕೊಟ್ಟ ಮೇಲೆ ಆಕಾಶದ ದಾಖಲೆ ಇನ್ನಷ್ಟು ಹಿಂದಕ್ಕೆ ಹೋಯಿತು.

ಚಿತ್ರ ಸಿಕ್ಕರೆ ಮುಗೀತು ಅಂದ್ಕೋಬೇಡಿ. ಹೊಸದಾಗಿ ಬಿದ್ದ ಹಿಮ ಅಂಚನ್ನೇ ಮುಚ್ಚಿಬಿಡುತ್ತದೆ. ಹಾಗಾಗಿ ಮಳೆಗಾಲ ಮುಗಿದು ಚಳಿಗಾಲ ಶುರುವಾಗುವ ಮುಂಚಿನ, ಮೋಡವಿಲ್ಲದ ಚಿತ್ರವನ್ನೇ ಹುಡುಕಬೇಕು. ಬರೀ ಮಂಜುಗಡ್ಡೆಯಾದರೆ ಕಂಪ್ಯೂಟರ್ ಸುಲಭವಾಗಿ ಹಿಡಿಯುತ್ತದೆ: ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ಹೊಳೆಯುತ್ತದೆ, ಕಿರು ಅವಕೆಂಪು ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ. ಗಂಗೋತ್ರಿಯ ಕೆಳಭಾಗದ ತುಂಬ ಕಲ್ಲುಮಣ್ಣಿನ ಹೊದಿಕೆ. ಅಲ್ಲಿ ಹಿಮನದಿಯೂ ಪಕ್ಕದ ಗುಡ್ಡವೂ ಒಂದೇ ಥರ. ಇಳಿಜಾರು, ನೆರಳು, ನದಿ ಹೊರಬರುವ ಜಾಗ ನೋಡಿಕೊಂಡು ಮನುಷ್ಯನೇ ಗೆರೆ ಎಳೀಬೇಕು. ಇಬ್ಬರು ಎಳೆದರೆ ಎರಡು ಗೆರೆ.

ಲೆಕ್ಕ ನೋಡಿ. ಗೋಮುಖ ವರ್ಷಕ್ಕೆ 20 ಮೀಟರ್ ಸರಿಯಿತು ಅಂದುಕೊಳ್ಳಿ. ಅದು 30 ಮೀಟರಿನ ಒಂದು ಪಿಕ್ಸೆಲ್ಲಿಗೂ ಕಡಿಮೆ. ಹೋದ ವರ್ಷದ ಚಿತ್ರ, ಈ ವರ್ಷದ ಚಿತ್ರ ಪಕ್ಕಪಕ್ಕ ಇಟ್ಟರೆ ಏನೂ ಹೇಳಲಾಗದು. ಇಪ್ಪತ್ತು ವರ್ಷ ಬಿಟ್ಟು ನೋಡಿದರೆ 400 ಮೀಟರ್, ಆಗ ವಾದಕ್ಕೆ ಜಾಗವೇ ಇಲ್ಲ.

ಈ ತಾಳ್ಮೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇವೆ. 2035ಕ್ಕೆ ಹಿಮಾಲಯದ ಹಿಮನದಿಗಳೇ ಇರಲಿಕ್ಕಿಲ್ಲ ಅನ್ನುವ ಮಾತು 2007ರ ಐಪಿಸಿಸಿ ವರದಿಯಲ್ಲಿ ಸೇರಿಕೊಂಡಿತ್ತು. ಸರಿಯಾದ ಆಧಾರವಿಲ್ಲ ಅಂತ 2010ರ ಜನವರಿಯಲ್ಲಿ ಅವರೇ ಒಪ್ಪಿಕೊಂಡರು. ಅದನ್ನೇ ಹಿಡಿದು, ಕರಗುವುದೆಲ್ಲ ಸುಳ್ಳು ಅಂದವರೂ ಇದ್ದರು. ಅವರಿಗೆ ಕೊಡಬೇಕಾದ ಉತ್ತರ ಇನ್ನೊಂದು ಹೆದರಿಸುವ ಇಸವಿಯಲ್ಲ. 1935ರ ಗೆರೆ, ಅದರಿಂದ ಮೇಲೆ ಮೇಲೆ ಸರಿಯುತ್ತಾ ಹೋದ ಆಮೇಲಿನ ಗೆರೆಗಳು. ಅಷ್ಟು ಸಾಕು.